ತಗೊಳ್ಳಾಕ ಬಂದಾಕಿ

ನನ್ನ ಪ್ರಶ್ನಾವಳಿಯ ಮೊದಲ ಪ್ರಶ್ನೆ ಹೀಗಿತ್ತು: ‘ಧ್ಯಾನದ ಸಂದರ್ಭದಲ್ಲಿ ತಮಗಾಗುವ ದೈಹಿಕ ಹಾಗೂ ಮಾನಸಿಕ ಸಂವೇದನೆಗಳನ್ನು ವಿವರಿಸಿ.’ ಬರೆದಾಗ ಅದರ ಬಗ್ಗೆ ನನಗೆ ಭಾರಿ ಹೆಮ್ಮೆಯಿತ್ತು. ಬಾದಾಮಿಯಲ್ಲಿ, ಮದುವೆಗೆ ಮುಂಚಿನಿಂದಲೂ ದಿನಾ ಬೆಳಿಗ್ಗೆ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ನೋಟ ನಿಲ್ಲಿಸಿ ಕೂಡುತ್ತ ಬಂದಿರುವ ನಿವೃತ್ತ ಮಾಸ್ತರರೊಬ್ಬರ ಮುಂದೆ ಅದನ್ನು ಓದಿದೆ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಯೋಚನೆ ಮಾಡಿ, “ಮೊಣಕಾಲು ಜುಮ್ ಅಂತಾವ್ರಿ” ಎಂದರು.

ನಾನು ಬರೆದುಕೊಂಡೆ. ಅವರಿಗೆ ನಗು ತಡೆಯಲಾಗಲಿಲ್ಲ.

“ಅಕ್ಕಾರ, ಮನಿ ಮಾತಿನ್ಯಾಗ ಕೇಳ್ರಿ. ಇದು ಕಚೇರಿ ಕಾಗದ ಓದಿದಂಗಾತು.”

ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ಧ್ಯಾನ, ಕೈ ಮುಟ್ಟಿ ವಾಸಿ ಮಾಡುವುದು, ಇಂಥವುಗಳಲ್ಲಿ ಜನರಿಗೆ ಆಗುವ ಅನುಭವ ನನ್ನ ಸಂಶೋಧನೆಯ ವಿಷಯ. ನಂಬುವವಳಲ್ಲ, ಹಾಗಂತ ನಗಾಡುವವಳೂ ಅಲ್ಲ. ಆದರೆ ತಪ್ಪು ತೋರಿಸಿದರೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಮಾಸ್ತರರ ಮೇಲೆ ಬಂದ ಸಿಟ್ಟು ಬಸ್ಸು ಕುಳಗೇರಿ ಕ್ರಾಸ್ ದಾಟುವವರೆಗೂ ಇಳಿಯಲಿಲ್ಲ. ಆಮೇಲೆ ಕಾಗದ ತೆಗೆದು ಮೊದಲ ಸಾಲನ್ನೇ ಹೊಡೆದುಹಾಕಿದೆ. ಇನ್ನು ಮುಂದೆ ಯಾರ ಮನೆಗೆ ಹೋದರೂ ಒಂದೇ ಮಾತು: “ನಿಮ್ಮ ಅನುಭವ ತಗೊಳ್ಳಾಕ ಬಂದೇನ್ರಿ.” ಹುನಗುಂದದಲ್ಲಿ ಅದನ್ನು ಹೇಳಿದ ಕೂಡಲೇ ಜನ ಚಾಪೆ ಹಾಸಿ ಕೂರಿಸಿದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ಮಾತನ್ನು ಬಾಯಲ್ಲಿಟ್ಟುಕೊಂಡು ಇಳಕಲ್ಲಿಗೆ ಹೋದೆ. ಅಲ್ಲಿ ನೇಕಾರರ ಮನೆಯ ಮುದುಕಿಯೊಬ್ಬಳು ಅತ್ತೆಯಿಂದ ಬಂದ ವಿದ್ಯೆಯಿಂದ ಅರೆತಲೆನೋವು ತೆಗೆಯುತ್ತಾಳೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ವಾರವಿಡೀ ಅವಳದು ಮಗ್ಗದ ಕೆಲಸ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವುದು. ರವಿವಾರ ಮಾತ್ರ, ಹೊತ್ತು ಹುಟ್ಟುವ ಮುಂಚೆ, ಅಂಗಳದಲ್ಲಿ ಕೂತವರ ಹಣೆಯಿಂದ ಕುತ್ತಿಗೆಯ ಹಿಂದಿನ ಹೆಡಕಿನವರೆಗೆ ಮೂರು ಸಲ ಕೈ ಆಡಿಸಿ ಬಾಯೊಳಗೇ ಏನೋ ಅನ್ನುತ್ತಿದ್ದಳು. ನಾನು ಮೊದಲ ಸಲ ಹೋಗಿದ್ದು ವಾರದ ನಡುವೆ, ಅಮೀನಗಡದಲ್ಲಿ ಇಳಿದು ಕೊಂಡ ಕರದಂಟಿನ ಪೊಟ್ಟಣದ ಜೊತೆ. ನಮ್ಮ ಕಡೆ ಬರಿಗೈಯಲ್ಲಿ ಯಾರ ಮನೆಗೂ ಹೋಗುವುದಿಲ್ಲವಲ್ಲ.

ಅವಳು ಪೊಟ್ಟಣ ಮುಟ್ಟಲಿಲ್ಲ. “ತಲಿಬ್ಯಾನಿ ತೆಗಸಾಕ ಬರೂವಾಗ ಏನೂ ತರಬಾರದ್ರಿ ಅಕ್ಕಾರ. ಹೋಗೂವಾಗ ಬರ್ತೇನಿ ಅನಬಾರದು. ಹೊಳ್ಳಿ ನೋಡಬಾರದು. ಬರ್ತೇನಿ ಅಂದ್ರ ಬ್ಯಾನಿನೂ ಹೊಳ್ಳಿ ಬರ್ತೈತಿ.”

ಬೇರೆಡೆ ‘ಹೋಗ್ತೇನಿ’ ಅಂದರೆ ಅಪಶಕುನ, ಇಲ್ಲಿ ‘ಬರ್ತೇನಿ’ ಅಂದರೆ; ಬೇನೆ ತಿರುಗಿ ಬರುತ್ತದಂತೆ. ಖುಷಿಯಿಂದ ಬರೆದುಕೊಂಡೆ. ನಮ್ಮ ಕಡೆ ವಯಸ್ಸಾದ ಹೆಂಗಸರನ್ನು ಕರೆಯುವಂತೆ ಅವಳನ್ನು ಆಯಿ ಎಂದು ಕರೆದೆ.

“ನನಗ ತಲಿನೋವಿಲ್ಲ ಆಯಿ. ನಿಮ್ಮ ಅನುಭವ ತಗೊಳ್ಳಾಕ ಬಂದೇನ್ರಿ.”

ಎಳೆ ಕೂಡಿಸುತ್ತಿದ್ದ ಬೆರಳು ನಿಂತವು. “ತಗೊಳ್ಳಾಕ?”

“ಹೌದ್ರಿ.”

“ಖರೇನ ತಗೋತೀರಿ?”

“ಖರೇನ ರೀ. ಅದಕ್ಕ ಬಾಗಲಕೋಟಿಯಿಂದ ಬಂದೇನಿ.”

ಅವಳು ನನ್ನ ಕೈ ಹಿಡಿದು ತಿರುಗಿಸಿ ಅಂಗೈ ನೋಡಿದಳು. “ಹಂಗಾರ ರವಿವಾರ ನಸುಕಿನ್ಯಾಗ ಬರ್ರಿ. ತಲಿಮ್ಯಾಲ ನೀರು ಹಾಕ್ಕೊಂಡು ಬರ್ರಿ, ಏನೂ ತಿನಬ್ಯಾಡ್ರಿ.”

ಸಂದರ್ಶನಕ್ಕೂ ಇವಳದೊಂದು ಶಾಸ್ತ್ರ ಎಂದುಕೊಂಡೆ. ಶನಿವಾರವೇ ಬಂದು ಸಹೋದ್ಯೋಗಿಯ ಮನೆಯಲ್ಲಿ ಉಳಿದು, ತಣ್ಣೀರು ಸುರಿದುಕೊಂಡು ನಡುಗುತ್ತ ಹೋದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಲೇ ಎಂದು ಕೇಳಿದರೆ, “ಮಾಡ್ಕೋರಿ, ನಿಮ್ಮ ನೆನಪಿಗೆ ಇರಲಿ” ಎಂದಳು. ನನ್ನನ್ನು ಮೂಡಲಿಗೆ ಮುಖ ಮಾಡಿಸಿ ಕೂರಿಸಿ, ತನ್ನ ಅಂಗೈಯನ್ನು ನನ್ನ ಅಂಗೈ ಮೇಲಿಟ್ಟು, ಬಲಗಿವಿಗೆ ಬಾಯಿ ತಂದು, ಬಾಯೊಳಗೇ ಅನ್ನುತ್ತಿದ್ದ ಆ ಮಾತುಗಳನ್ನು ಮೂರು ಸಲ ಹೇಳಿದಳು. ಉದ್ದವೇನಿಲ್ಲ, ಒಂದು ಉಸಿರಿನಷ್ಟು. ಸಂಶೋಧಕರಿಗೆ ಯಾರೂ ಬಿಟ್ಟುಕೊಡದ ಗುಟ್ಟು ನನ್ನ ಮೊಬೈಲಿನಲ್ಲಿತ್ತು! ಹಿಗ್ಗಿ ಹೀರೇಕಾಯಿಯಾದೆ. ಆ ಗಡಿಬಿಡಿಯಲ್ಲಿ ಏಳುವಾಗ ಬಾಯಿ ತಪ್ಪಿ “ಬರ್ತೇನಿ ಆಯಿ” ಅಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.

ಅವಳು ನಕ್ಕಳು. “ಅನ್ನು ಯವ್ವಾ. ನಿನಗೇನು ಬ್ಯಾನಿ ಐತೇನು?”

ಅಲ್ಲಿಯತನಕ ಅಕ್ಕಾರ ಎಂದು ಬಹುವಚನದಲ್ಲಿ ಕರೆಯುತ್ತಿದ್ದವಳು ಇದ್ದಕ್ಕಿದ್ದಂತೆ ಯವ್ವಾ, ನೀ ಎಂದದ್ದನ್ನು ಸಲಿಗೆ ಎಂದುಕೊಂಡೆ.

ತಿಂಗಳೆರಡು ಕಳೆದು, ಎರಡನೆಯ ಸುತ್ತಿನ ಪ್ರಶ್ನೆಗಳನ್ನು ಹಿಡಿದು ಮತ್ತೆ ಹೋದೆ. ಅದೂ ರವಿವಾರ ನಸುಕೇ. ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಆಯಿ ಹಣೆಗೆ ಅರಿವೆ ಬಿಗಿದು ಕಟ್ಟಿಕೊಂಡು ಗೋಡೆಗೆ ಒರಗಿದ್ದಳು.

“ಮಂದಿ ಎಲ್ಲಿ ಆಯಿ?”

“ಬರ್ತಾರ, ಹೊಳ್ಳಿ ಕಳಸ್ತೇನಿ. ಬಾಗಲಕೋಟ್ಯಾಗ ಒಬ್ಬಾಕಿ ಅಕ್ಕಾರಿಗೆ ಕೊಟ್ಟೇನಿ, ಅಲ್ಲಿ ಹೋಗ್ರಿ ಅಂತೇನಿ.”

ನನಗೆ ತಿಳಿಯಲಿಲ್ಲ. ಆಮೇಲೆ ಒಮ್ಮೆಲೇ ತಿಳಿಯಿತು. ದೀಕ್ಷೆ ತಗೊಳ್ಳುತ್ತಾರೆ, ಮಂತ್ರ ತಗೊಳ್ಳುತ್ತಾರೆ, ವಿದ್ಯೆ ತಗೊಳ್ಳುತ್ತಾರೆ. ತಗೊಳ್ಳಾಕ ಬಂದೇನಿ ಎಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಅವಳು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಅತ್ತೆಯಿಂದ ತನಗೆ ಬಂದದ್ದನ್ನು ಹಾಗೆಯೇ ನನಗೆ ಕೊಟ್ಟಿದ್ದಳು. ಕೊಟ್ಟ ಮೇಲೆ ಕೊಟ್ಟವರ ಕೈಯಲ್ಲಿ ಅದು ಉಳಿಯುವುದಿಲ್ಲ ಎಂಬುದು ಇಂಥ ವಿದ್ಯೆಯ ನೇಮ.

“ನಾ ಕೇಳಿ ಬರಕೊಳ್ಳಾಕ ಅಷ್ಟ ಬಂದಿದ್ನಿ ಆಯಿ. ಕಲಿಯಾಕಲ್ಲ.”

ಅವಳ ಮುಖ ಸಣ್ಣದಾಯಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೊಬೈಲು ತೆಗೆದು, “ಇದರಾಗಿಂದು ಈಗ ಅಳಸ್ತೇನ್ರಿ, ನಿಮ್ಮ ಕೈಗುಣ ನಿಮಗ ಇರಲಿ” ಎಂದೆ.

“ಅದರಾಗಿಂದು ಅಳಸ್ತೀ. ನಿನ್ನ ಕಿವ್ಯಾಗಿಂದು?”

ಆ ಮಾತು ಒಂದಕ್ಷರ ತಪ್ಪದೆ ನನಗೆ ಬಾಯಿಪಾಠವಾಗಿತ್ತು. ತಿರುಗಿ ಅವಳ ಕಿವಿಯಲ್ಲಿ ಹೇಳಲೇ ಎಂದರೆ, ಮೇಲಿಂದ ಕೆಳಗೆ ಬಂದದ್ದು ಕೆಳಗಿಂದ ಮೇಲೆ ಹೋಗುವುದಿಲ್ಲ ಎಂದಳು. ಅವಳಿಗೇ ಈಗ ಅರ್ಧ ತಲೆ ಸಿಡಿಯುತ್ತಿತ್ತು. ದವಾಖಾನಿಗೆ ತೋರಿಸಿದ್ದಳು, ಗುಳಿಗೆ ನಡೆದಿದ್ದವು. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದು ಕೈ.

“ನಾ ಇದನ್ನೆಲ್ಲಾ ನಂಬೂದಿಲ್ಲ ಆಯಿ” ಎಂದೆ. ಇನ್ನೇನು ಹೇಳಲಿ?

“ನಂಬು ಅಂತ ಯಾರಂದ್ರು? ನಮ್ಮತ್ತಿ ಕೊಟ್ಟಾಗ ನಾನೂ ನಂಬಿರಲಿಲ್ಲ. ಮಾಡೂದು ಕೈ.”

ಅವಳು ಮಾಡು ಅನ್ನಲಿಲ್ಲ. ಮಾಡುತ್ತೇನೆ ಎಂದು ನಾನೂ ಅನ್ನಲಿಲ್ಲ. ಎದ್ದು ಬಂದೆ. ಹುನಗುಂದ ದಾಟುವುದರೊಳಗೆ ರೆಕಾರ್ಡಿಂಗ್ ಅಳಿಸಿದೆ. ಆ ಸಂದರ್ಶನ ಕೆಟ್ಟುಹೋಯಿತು ಎಂದು ನನ್ನ ಸಂಶೋಧನೆಯ ಮಾರ್ಗದರ್ಶಕರಿಗೆ ತಿಳಿಸಿದೆ. ಅದು ಸುಳ್ಳೂ ಆಗಿರಲಿಲ್ಲ. ಮುದುಕಿಯ ಎಷ್ಟೋ ವರ್ಷಗಳ ರವಿವಾರಗಳನ್ನು ಕಸಿದುಕೊಂಡು ಬಂದವಳು ನಾನು ಎಂಬ ನಾಚಿಕೆ ಮಾತ್ರ ಹೋಗಲಿಲ್ಲ. ತರಗತಿಯಲ್ಲಿ ಪಾಠ ಮಾಡುವಾಗಲೂ ಆ ಮಾತು ಕಿವಿಯಲ್ಲಿ ತಾನಾಗಿ ಸುಳಿಯುತ್ತಿತ್ತು.

ಮುಂದಿನ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಬಾಗಲಕೋಟೆ ನವನಗರದ ನಮ್ಮ ಮನೆಯ ಗೇಟು ಸದ್ದಾಯಿತು. ನೋಡಿದರೆ ಆಯಿ. ಸಂದರ್ಶನದ ಒಪ್ಪಿಗೆಗೆಂದು ನಾನು ಕೊಟ್ಟಿದ್ದ ಫಾರ್ಮಿನ ಮೇಲಿದ್ದ ಮನೆ ವಿಳಾಸವನ್ನು ಯಾರಿಂದಲೋ ಓದಿಸಿಕೊಂಡು ಬಂದಿದ್ದಳು.

“ಹೆಣ್ಮಕ್ಕಳಿಗೆ ಬಸ್ಸು ಫುಕಟ್ ಐತಲ್ಲ, ಬಂದ್ನಿ” ಎಂದಳು. ಒಂದು ಚೀಲವೂ ಇರಲಿಲ್ಲ, ಎರಡೂ ಕೈ ಖಾಲಿ. ಅಮೀನಗಡದ ಮೇಲೆ ಹಾದು ಬಂದವಳು ಕರದಂಟಿನ ಒಂದು ಪೊಟ್ಟಣವನ್ನೂ ತರಲಿಲ್ಲವಲ್ಲ, ಇನ್ನೂ ಸಿಟ್ಟಿದೆ ಎಂದುಕೊಂಡೆ. ರೊಟ್ಟಿ, ಝುಣಕ ಬಡಿಸಿದೆ. ಉಂಡಳು. ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹೊತ್ತು ಮುಳುಗುತ್ತಲೇ ಮಲಗಿಬಿಟ್ಟಳು.

ರವಿವಾರ ಎದ್ದಾಗ ಅವಳು ಆಗಲೇ ಹಿತ್ತಲಲ್ಲಿ, ಹಣೆಯ ಅರಿವೆ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಮೂಡಲಿಗೆ ಮುಖ ಮಾಡಿ ಕೂತಿದ್ದಳು. ನಾನು ಬಚ್ಚಲಿಗೆ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡು ಬಂದೆ.

ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ಆ ಬಿಳಿ ತಲೆಯ ಮೇಲೆ ಹಣೆಯಿಂದ ಹೆಡಕಿನವರೆಗೆ ಕೈ ಎಳೆದೆ. ಮಾತುಗಳು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ. ಮೂರನೆಯ ಸಲಕ್ಕೆ ಅವಳ ಹುಬ್ಬಿನ ಗಂಟು ಸಡಿಲವಾದದ್ದು ಬೆರಳಿಗೆ ತಿಳಿಯಿತು. ನನ್ನ ಅಂಗೈಯಲ್ಲಿ ಶಾಖವೇನೂ ಏಳಲಿಲ್ಲ, ಮಿಂಚು ಹರಿಯಲಿಲ್ಲ. ಮನಸ್ಸು ಮಾತ್ರ ತುಂಬ ಸಮಾಧಾನವಾಗಿತ್ತು. ಹೇಗನ್ನಿಸಿತು ಎಂದು ಊರೂರು ಸುತ್ತಿ ಕಂಡಕಂಡವರನ್ನು ಕೇಳಿದವಳು ನಾನು. ಅವಳನ್ನು ಕೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳು ತೊಡೆಯ ಮೇಲಿನ ಅರಿವೆ ಮಡಚಿ ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಚಹಾ ಕುಡಿದು ಹೋಗಿ ಆಯಿ ಎಂದೆ. ಬೇಡವೆಂದು ಕೈ ಆಡಿಸಿ, ಮುಂಬಾಗಿಲಿಗೆ ಬಂದು ಚಪ್ಪಲಿ ಮೆಟ್ಟಿ, ಗೇಟು ತೆಗೆದಳು. ಮತ್ತ ಬರ್ರಿ ಎಂದು ಹೇಳಹೊರಟ ಬಾಯಿ, ಅವಳು ಖಾಲಿ ಕೈಯಲ್ಲಿ ಬಂದಿದ್ದು ಯಾಕೆಂದು ಹೊಳೆದು, ಹಾಗೇ ಮುಚ್ಚಿಕೊಂಡಿತು.

ಅವಳು ಬರ್ತೇನಿ ಅನ್ನಲಿಲ್ಲ. ಬಸ್ ಸ್ಟಾಪಿನ ದಾರಿ ಹಿಡಿದು ಸಾವಕಾಶ ನಡೆದಳು. ಮೂಲೆ ತಿರುಗುವವರೆಗೆ ನಾನು ಗೇಟು ಹಿಡಿದು ನಿಂತೇ ಇದ್ದೆ, ಅವಳು ಒಮ್ಮೆಯೂ ಹೊಳ್ಳಿ ನೋಡಲಿಲ್ಲ.