ಆಕಾಶಕ್ಕೆ ಕಾಳು ಹಿಡಿದ ಶರಣಪ್ಪ

ಶರಣಪ್ಪನ ಜೇಬಿನಲ್ಲಿ ಯಾವಾಗಲೂ ಕಾಳುಗಳಿರುತ್ತಿದ್ದವು. ಜೋಳದ ಕಾಳು, ಕಡಲೆ, ಶೇಂಗಾ, ಒಂದು ಹುಣಸೆಬೀಜ. ತಿನ್ನಲಿಕ್ಕಲ್ಲ, ಆಕಾಶ ಅಳೆಯಲಿಕ್ಕೆ. ಮೇಲೆ ಏನೋ ಬೆಳಕು ಕಂಡಿತು ಎಂದು ಯಾರಾದರೂ ಅಂದರೆ ಸಾಕು, ಯಲಬುರ್ಗಾ ಇರಲಿ, ಗಂಗಾವತಿ ಇರಲಿ, ಹಳೇ ಮೋಟಾರ್ ಸೈಕಲ್ ಹತ್ತಿ ಬಂದುಬಿಡುವನು. ಕಂಡವರನ್ನು ಕಂಡ ಜಾಗದಲ್ಲೇ ನಿಲ್ಲಿಸಿ, ತೋಳನ್ನು ಉದ್ದಕ್ಕೆ ಚಾಚಿಸಿ, ಬೆರಳ ತುದಿಗೆ ಒಂದೊಂದೇ ಕಾಳು ಕೊಟ್ಟು ಕೇಳುವನು, "ಇದರಷ್ಟಿತ್ತೋ, ಇದಕ್ಕಿಂತ ದೊಡ್ಡದಿತ್ತೋ?" ಎಲ್ಲರೂ ಮೊದಲು ರೊಟ್ಟಿಯಷ್ಟಿತ್ತು ಅನ್ನುವವರೇ. ಅವನು ನಗುತ್ತಿರಲಿಲ್ಲ. "ಹುಣ್ಣಿವಿ ಚಂದ್ರಾಮನ್ನ ಒಂದ ಕಡ್ಲಿ ಕಾಳು ಮುಚ್ಚತೈತ್ರಿ. ಮನ್ಯಾಗ ಹಿಡದು ನೋಡ್ರಿ" ಅನ್ನುವನು. ನಾನು ಹಿಡಿದು ನೋಡಿದೆ. ಮುಚ್ಚುತ್ತದೆ.

ಕೊಪ್ಪಳಕ್ಕೆ ಹತ್ತಿದ ಭಾಗ್ಯನಗರದವನು. ಸರ್ವೇ ಇಲಾಖೆಯಲ್ಲಿ ಜನರ ಹೊಲ ಅಳೆದು ನಿವೃತ್ತನಾದವನು. ಅಲ್ಲಿ ಮುಗಿದ ಮೇಲೆ ಆಕಾಶ ಹಿಡಿದ. ನನಗಿಂತ ಚಿಕ್ಕವನು, ಅದಕ್ಕೇ ಇಲ್ಲಿ 'ಅವನು' ಅನ್ನುತ್ತೇನೆ. ಎದುರಿಗೆ ಮಾತ್ರ ಸಾಹೇಬ್ರೇ ಅನ್ನುತ್ತಿದ್ದೆ. ಒಣಕಲು ಆಳು, ದೊಡ್ಡ ಕಿವಿ, ಸಣ್ಣ ಕಣ್ಣು, ಭಾರೀ ಸಿಟ್ಟು. ಕಂಡದ್ದನ್ನು ಬರೆದು, ದಿಕ್ಕಿನ ನಕ್ಷೆ ತೆಗೆದು, ಫೋಟೋ ಹಚ್ಚಿ ಇಡುವುದು ಅವನ ಕೆಲಸ. ಹಾರುವ ತಟ್ಟೆ ಸಿಕ್ಕಿತೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಸಿಕ್ಕಿಲ್ಲ. ಸುಳ್ಳ ಅಂದವ್ರು ಭಾಳ ಮಂದಿ ಸಿಕ್ಕಾರ."

ಏಕೆಂದರೆ ಅವನ ಮೊದಲ ಪ್ರಶ್ನೆ ಬೆಳಕಿನದ್ದಲ್ಲ. "ನಿಮ್ಮನ್ನ ಸುಳ್ಳ ಅಂದವ್ರು ಯಾರು?" ಎಂದು ಕೇಳಿ, ಆ ಹೆಸರನ್ನು ಮೊದಲು ಬರೆದುಕೊಳ್ಳುವನು. ಆಮೇಲೆ ಆಕಾಶ.

ಇನ್ನೊಂದು ನೇಮವಿತ್ತು. ಕಂಡದ್ದು ಏನೆಂದು ಗೊತ್ತಾದ ಮೇಲೆ ಕಂಡವರಿಗೆ ಕಿವಿಯಲ್ಲಿ ಹೇಳುವನು. ಮಂದಿಯ ನಡುವೆ ಹೇಳುತ್ತಿರಲಿಲ್ಲ. ಕುಷ್ಟಗಿ ಕಡೆ ಒಂದು ಊರಿನ ಹೆಂಗಸರು ದೇವಿ ಕೆಂಪು ಕಣ್ಣು ಪಿಳುಕಿಸುತ್ತಾಳೆಂದು ಉಪವಾಸ ಹಿಡಿದಿದ್ದರಂತೆ. ಹೊಸದಾಗಿ ನಿಲ್ಲಿಸಿದ, ಕರೆಂಟು ಮಾಡುವ ಗಾಳಿ ಪಂಖಗಳ ತಲೆಯ ದೀಪ ಅದು. ಶರಣಪ್ಪ ಒಬ್ಬೊಬ್ಬರ ಮನೆಗೆ ಹೋಗಿ, ಚಹಾ ಕುಡಿದು, ಕಿವಿಯಲ್ಲಿ ಹೇಳಿ ಬಂದ. ಒಬ್ಬಾಕೆಗೂ ನಾಚಿಕೆಯಾಗಲಿಲ್ಲ. ಪ್ರತಿಯೊಬ್ಬಳೂ ತನಗೊಬ್ಬಳಿಗೇ ಗೊತ್ತೆಂದು ಗುಟ್ಟಾಗಿ ಊಟ ಶುರು ಮಾಡಿದಳಂತೆ.

ನಮ್ಮೂರಿಗೆ ಅವನು ಬಂದದ್ದು ನನ್ನ ಬಣವೆ ಸುಟ್ಟಾಗ.

ನಮ್ಮೂರು ಯಲಬುರ್ಗಾದಿಂದ ಒಳಗೆ. ಮುಂಗಾರಿ ಸುಗ್ಗಿ ಮುಗಿದಿತ್ತು. ಹೊತ್ತು ಮುಳುಗುವಾಗ ಎಮ್ಮೆ ಹಿಂಡುತ್ತ ಕೂತಿದ್ದೆ. ಗೌಡರ ತೋಟದ ಕಡೆಯಿಂದ ಒಂದು ಕೆಂಪು ಬೆಳಕು ಸಪ್ಪಳವಿಲ್ಲದೆ ತೇಲಿ ಬಂತು. ನಡುಗುತ್ತಿತ್ತು. ಬಂದದ್ದೇ ನನ್ನ ಕಣಿಕೆ ಮೇವಿನ ಬಣವೆಯ ತಲೆಯ ಮೇಲೆ ಕೂತಿತು. ಕೂಗುವಷ್ಟರಲ್ಲಿ ಬಣವೆ ಹೊತ್ತಿತು, ಬಗಲಲ್ಲಿದ್ದ ನಮ್ಮ ಓಣಿಯ ದೇವಕ್ಕನ ಬಣವೆಯೂ ಹೊತ್ತಿತು.

ಕಂಡದ್ದನ್ನೇ ಹೇಳಿದೆ. ಊರ ಗೌಡ ವೀರನಗೌಡ ಕಟ್ಟೆಯ ಮೇಲೆ ಕೂತು ಅಂದ, "ಆಕಾಶದಿಂದ ಬೆಂಕಿ ಬಂತಂತ! ನಿಂಗವ್ವ ಒಲಿ ಬೂದಿ ಕೆಂಡ ಸಮೇತ ಚೆಲ್ಲ್ಯಾಳ, ಅಷ್ಟ." ಮಂದಿ ನಕ್ಕರು. ಅವನ ಹೆಂಡತಿ ಗೌಡಸಾನಿ ಇನ್ನೊಂದು ಹೆಜ್ಜೆ ಮುಂದೆ ಹೋದಳು. "ಇನ್ನ ಮ್ಯಾಲ ಆಕಿ ಕೈಯಾಗ ಬೆಂಕಿ ಕೊಡಬ್ಯಾಡ್ರಿ" ಅಂದಳು.

ಆ ಮಾತು ನನ್ನನ್ನು ಸುಟ್ಟಿತು. ನಮ್ಮಲ್ಲಿ ಒಂದು ಮನೆಯಲ್ಲಿ ಮದುವೆ ಅಂದರೆ ವಾರ ಮೊದಲೇ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತೇವೆ. ಸಾಲು ಒಲೆ ಹೂಡುತ್ತಾರೆ. ಮೊದಲ ಒಲೆಗೆ ಬೆಂಕಿ ಹಚ್ಚುವವಳು, ಆ ಒಲೆಯ ಮುಂದೆ ಕೂರುವವಳು ನಾನು. ಮದುವೆಯಾಗಿ ಈ ಊರಿಗೆ ಬಂದಾಗ ಕಡೆಯ ಒಲೆಗೆ ಕೂತವಳು, ಬೆರಳು ಸುಟ್ಟುಕೊಂಡು ಮೊದಲನೆಯದಕ್ಕೆ ಬಂದಿದ್ದೆ. ಗೌಡಸಾನಿ ಅಂದ ಮೇಲೆ ಯಾರೂ ಕರೆಯಲಿಲ್ಲ. ಬಗಲ ಮನೆಯ ಮದುವೆಗೆ ದೇವಕ್ಕ ಮೊದಲ ಒಲೆಗೆ ಕೂತಳು. ರೊಟ್ಟಿ ಬಡಿಯುವ ಸಪ್ಪಳ ನನ್ನ ಗೋಡೆಗೇ ಬಡಿಯುತ್ತಿತ್ತು. ಆ ಗೌಡನಿಗೆ ಮಣ್ಣು ಮುಕ್ಕಿಸದೆ ನಾನು ಸಾಯುವುದಿಲ್ಲ ಎಂದು ಅವತ್ತೇ ಅಂದುಕೊಂಡೆ.

ಅಷ್ಟರಲ್ಲಿ ಮೊಬೈಲಿನಲ್ಲಿ ಸುದ್ದಿ ಹಾಕುವ ಒಬ್ಬ 'ಬಣವೆ ಸುಟ್ಟ ಹಾರುವ ತಟ್ಟೆ, ಮುದುಕಿ ಕಂಡ ವಿಚಿತ್ರ' ಎಂದು ಹಾಕಿದ. ಅದನ್ನು ನೋಡಿ ಶರಣಪ್ಪ ಬಂದ.

"ಸುಳ್ಳ ಅಂದವ್ರು ಯಾರು, ಯವ್ವಾ?"

"ಊರೆಲ್ಲ ಅಂತೈತ್ರಿ. ಮೊದ್ಲ ವೀರನಗೌಡನ್ನ ಬರ್ಕೋರಿ. ದಪ್ಪ ಅಕ್ಷರದಾಗ."

ಬರೆದುಕೊಂಡ. ಎಮ್ಮೆಯ ಹತ್ತಿರ ಕೂರಿಸಿ ತೋಳು ಚಾಚಿಸಿದ. ನಾನೂ ರೊಟ್ಟಿಯಷ್ಟಿತ್ತು ಅಂದವಳೇ. ಕಾಳು ಹಿಡಿದಾಗ ಜೋಳದ ಕಾಳಿಗೆ ಸರಿಯಾಯಿತು. ನನಗೆ ಸಿಟ್ಟು ಬಂತು.

"ಅಂದ್ರ ನಾನೂ ಸುಳ್ಳಿನಾಕೀನ ಏನ್ರಿ?"

"ರೊಟ್ಟಿ ಬಡಿಯಾಕಿ ರೊಟ್ಟಿನ ಅಂತಾಳ. ಪೊಲೀಸನ್ನ ಕೇಳಿದ್ರ ಟೋಪಿಯಷ್ಟಿತ್ತು ಅಂದಾನು. ಕಂಡದ್ದ ಹೇಳು, ಅಂದಾಜು ನನಗ ಬಿಡು."

ಆಮೇಲೆ ಜರಡಿ ಕೇಳಿ ಇಸಿದುಕೊಂಡು ಸುಟ್ಟ ಬಣವೆಯ ಬೂದಿಯಲ್ಲಿ ಕೂತ. ಅಂಗಿ, ಮೀಸೆ, ಕಿವಿ ಎಲ್ಲ ಬೂದಿ. ಓಣಿಯ ಮಂದಿ ಬಂದು ನಿಂತು, "ಸಾಹೇಬ್ರ, ತಟ್ಟಿ ಸಿಕ್ಕತೇನ್ರಿ, ಗಂಗಾಳ ಆದ್ರೂ ಸಿಕ್ಕತೇನ್ರಿ?" ಎಂದು ಚೇಷ್ಟೆ ಮಾಡಿದರು. ಅವನು ತಲೆ ಎತ್ತದೆ, "ನಗೋರು ನಿಮ್ಮ ಹೆಸರ ಹೇಳ್ರಿ, ಬರ್ಕೊಳ್ಳಾಕ ಬೇಕಾಗೇತಿ" ಅಂದ. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಜರಡಿಯಲ್ಲಿ ಉಳಿದದ್ದು ಅಡ್ಡ ಉದ್ದ ಹೆಣೆದ ಒಂದು ತೆಳು ತಂತಿ. ಅಂಥದೇ ಇನ್ನೊಂದು ಗೌಡರ ತೋಟದ ದಾರಿಯ ಜಾಲಿಮುಳ್ಳಿನಲ್ಲಿ ಸಿಕ್ಕಿತು, ಸುತ್ತ ಕೆಂಪು ಕಾಗದದ ಚೂರು ಅಂಟಿಕೊಂಡೇ ಇತ್ತು.

ಬೆಳಕನ್ನು ಊರಿನಲ್ಲಿ ಇನ್ನೂ ಕೆಲವರು ಕಂಡಿದ್ದರು. ಗೌಡನ ಹೆದರಿಕೆಗೆ ಬಾಯಿ ಬಿಚ್ಚಿರಲಿಲ್ಲ. ಶರಣಪ್ಪ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಕೇಳಿದ. ಎಲ್ಲರ ಬೆರಳೂ ಒಂದೇ ದಿಕ್ಕಿಗೆ ಹೋಯಿತು, ಎಲ್ಲರೂ ಜೋಳದ ಕಾಳನ್ನೇ ಹಿಡಿದರು. ಆಮೇಲೆ ತೋಟದ ಕಡೆಯೂ ವಿಚಾರಿಸಿ ಬಂದು ನನ್ನ ಕಿವಿಯಲ್ಲಿ ಹೇಳಿದ: ಅವತ್ತು ಗೌಡನ ತೋಟದ ಮನೆಯಲ್ಲಿ ಮೊಮ್ಮಗನ ಹುಟ್ಟಿದ ದಿನ. ಗಂಗಾವತಿಯ ಬೀಗರು ಬಂದಿದ್ದರು. ಕಾಗದದ ದೀಪಗಳನ್ನು ಹಚ್ಚಿ ಆಕಾಶಕ್ಕೆ ಬಿಟ್ಟಿದ್ದರು. ಅದರಲ್ಲೊಂದು ನನ್ನ ಬಣವೆಗೆ ಬಂದು ಕೂತಿತ್ತು.

"ಕಟ್ಟಿ ಮ್ಯಾಲ ನಿಂತ ಹೇಳ್ರಿ" ಅಂದೆ.

"ಕಿವಿಗೆ ಅಷ್ಟ ಹೇಳೂದು ನನ್ನ ಪದ್ಧತಿ."

"ನನ್ನ ಬೈದದ್ದು ಕಿವಿಯಾಗೇನ್ರಿ? ಕಟ್ಟಿ ಮ್ಯಾಲ ಬೈದಾರ. ನಿಮ್ಮ ಪದ್ಧತಿ ಗೌಡನ ಕಡೆ ಐತಿ, ನನ್ನ ಕಡೆ ಇಲ್ಲ."

"ಯವ್ವಾ, ಇದು ಕಾಗದದ ದೀಪ ಅಂತ ನಾ ಬರದೀನಿ. ಆಕಾಶದ್ದು ನನಗ ಸೇರಿದ್ದು. ನೆಲದ ಮ್ಯಾಲಿಂದು ನಿನಗ ಸೇರಿದ್ದು."

"ಹಂಗಾದ್ರ ನಿಮ್ಮ ಕಾಳು ಕಟ್ಗೊಂಡು ನಡೀರಿ" ಅಂದೆ. ಚಹಾ ಕೂಡ ಕೊಡಲಿಲ್ಲ. ಅವನೂ ಕೇಳಲಿಲ್ಲ, ಗಾಡಿ ಒದ್ದು ಹೋದ.

ಹೋಗುವಾಗ ಸುಮ್ಮನೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಯಲಬುರ್ಗಾ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಆ ಮೊಬೈಲಿನ ಸುದ್ದಿಯವನನ್ನು ಹಿಡಿದು ಕೂರಿಸಿದನಂತೆ. ನೀವು ಮುದುಕಿಯನ್ನು ಎಲ್ಲಿ ಕಂಡಿರಿ, ಆಕೆ ಯಾವ ಕಡೆ ಮುಖ ಮಾಡಿ ಕೂತಿದ್ದಳು, ಎಮ್ಮೆ ಎಡಕ್ಕೋ ಬಲಕ್ಕೋ, ಬಣವೆ ಮನೆಯ ಹಿಂದೋ ಮುಂದೋ. ಮೆತ್ತಗೆ, ಸಾಹೇಬ್ರ ಸಾಹೇಬ್ರ ಅನ್ನುತ್ತಲೇ ಕೇಳಿದನಂತೆ. ಸುತ್ತ ಮಂದಿ ಕೂಡಿತು. ಕಡೆಗೆ ಅವನು ಬೆವರು ಒರೆಸಿಕೊಂಡು, "ನಾ ಆ ಊರಿಗೆ ಹೋಗಿಲ್ರಿ" ಅಂದ. ಶರಣಪ್ಪ ಅವನಿಗೆ ಇನ್ನೊಂದು ಚಹಾ ಹೇಳಿ ಎದ್ದು ಬಂದ. ಇದನ್ನು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು. ಇವನು ನನ್ನ ಜಾತಿಯವನೇ, ಬಿಡುವವನಲ್ಲ ಅನಿಸಿತು.

ಎಳ್ಳಮಾಸೆ ಬಂತು. ಅವತ್ತು ಊರೆಲ್ಲ ಹೊಲದಲ್ಲಿ ಉಣ್ಣುತ್ತದೆ. ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿಪಲ್ಯ ಉಂಡು, ಸಂಜೆಗೆ ಗೌಡನ ತೋಟದಲ್ಲಿ ಎಲ್ಲರೂ ಸೇರುವುದು ವಾಡಿಕೆ. ನಾನೂ ಹೋದೆ, ಹಿಂದೆ ನಿಂತೆ. ನೋಡಿದರೆ ಶರಣಪ್ಪ ಗೌಡನ ಬಗಲಿಗೇ ಕೂತು ಎಲೆ ಅಡಿಕೆ ಹಾಕುತ್ತಿದ್ದಾನೆ. ಹೊಲ ಅಳೆದ ಕಾಲದ ಪರಿಚಯವಂತೆ. ನನ್ನ ಹೊಟ್ಟೆ ಉರಿಯಿತು.

ಹೊತ್ತು ಇಳಿದ ಮೇಲೆ ಅವನು ಚೀಲದಿಂದ ಒಂದು ಕೆಂಪು ಕಾಗದದ ಗೂಡು ತೆಗೆದ. "ಗೌಡ್ರ, ಹುಡುಗ್ರಿಗೆ ಒಂದ ಮೋಜು ತೋರಸ್ಲೇನ್ರಿ?"

ಗೌಡನ ಮುಖ ಸಣ್ಣದಾಯಿತು. "ಗಾಳಿ ಭಾಳ ಐತಲ್ರಿ..."

"ಐತ್ರಿ. ಭಾಳ ಇಲ್ಲ."

ಹಬ್ಬಕ್ಕೆ ಬಂದ ಬೀಗರು ನೋಡುತ್ತಿದ್ದರು, ಬೇಡ ಅನ್ನಲಿಕ್ಕೆ ಗೌಡನಿಗೆ ಬಾಯಿ ಬರಲಿಲ್ಲ. ಶರಣಪ್ಪ ಗಾಳಿ ನೋಡಿ ಹತ್ತು ಮಾರು ಸರಿದು ನಿಂತು ದೀಪ ಹಚ್ಚಿದ. ಗೂಡು ಉಬ್ಬಿತು, ನಡುಗುತ್ತ ಮೇಲೆದ್ದಿತು. ಅದೇ ಬೆಳಕು. ಅದು ತೇಲುತ್ತ ತೇಲುತ್ತ ಗೌಡನ ದೊಡ್ಡ ಬಣವೆಯ ಕಡೆಗೇ ಹೊರಟಿತು.

ಗೌಡ ಧೋತರ ಎತ್ತಿಕೊಂಡು ಓಡಿದ. "ಲೇ, ಹಿಡೀರಲೇ! ಬಣವಿ! ಬಣವಿಗೆ ಬೀಳತೈತಿ, ಸುಟ್ಟ ಹೋಗತೈತಿ, ನೀರು ತರ್ರಲೇ!"

ಶರಣಪ್ಪ ನಿಂತಲ್ಲೇ ಕೇಳಿದ, ಎಲ್ಲರಿಗೂ ಕೇಳುವಂತೆ, "ಯಾಕ್ರಿ ಗೌಡ್ರ, ಇದು ಬಣವಿ ಸುಡತೈತಿ ಅಂತ ನಿಮಗ ಯಾರ ಹೇಳಿದ್ರು?"

ಗೌಡ ನಿಂತ. ಧೋತರ ಕೈಯಲ್ಲೇ ಇತ್ತು. ಊರು ಅವನನ್ನು ನೋಡಿತು, ಆಮೇಲೆ ತಿರುಗಿ ನನ್ನನ್ನು ನೋಡಿತು. ಮೊದಲು ನಕ್ಕವಳು ದೇವಕ್ಕ, ತನ್ನ ಬಣವೆಯನ್ನೂ ಕಳಕೊಂಡವಳು. ನಗುತ್ತಲೇ ಗೌಡಸಾನಿಗೆ ಕೇಳಿದಳು, "ಏನಬೇ ಗೌಡಸಾನಿ, ಯಾರ ಕೈಯಾಗ ಬೆಂಕಿ ಕೊಡಬಾರದು ಈಗ?"

ಶರಣಪ್ಪ ಮೆಲ್ಲಗೆ ಕೈ ಸುತ್ತತೊಡಗಿದ. ಗೂಡು ಹಿಂದಕ್ಕೆ ಬಂತು, ಕೆಳಗೆ ಇಳಿಯಿತು. ಮೋಟಾರಿಗೆ ಸುತ್ತುವ ತೆಳು ತಾಮ್ರದ ತಂತಿ ಅದಕ್ಕೆ ಕಟ್ಟಿದ್ದ, ಮಬ್ಬಿನಲ್ಲಿ ಯಾರಿಗೂ ಕಂಡಿರಲಿಲ್ಲ. ತಂಬಿಗೆ ನೀರು ಸುರಿದು ಆರಿಸಿದ. ನನ್ನ ಬಳಿ ಬಂದು ಅಂದ, "ನಾ ಯಾರಿಗೂ ಏನೂ ಹೇಳಿಲ್ಲವ್ವಾ. ನನ್ನ ಪದ್ಧತಿ ಮುರದಿಲ್ಲ. ಅಂವ ತಾನ ಹೇಳ್ದ."

ಮರುದಿನ ಗೌಡ ನನ್ನ ಬಾಗಿಲಿಗೆ ಬಂದು ತಲೆಯ ವಸ್ತ್ರ ತೆಗೆದು ನಿಂತ. "ತಪ್ಪಾತು ನಿಂಗವ್ವಾ."

"ತಪ್ಪಾಗೇತಂತ ನನಗೂ ಗೊತ್ತೈತಿ" ಎಂದು ಬಾಗಿಲು ಹಾಕಿದೆ. ಈಗ ಊರಿನ ಎಲ್ಲ ಮದುವೆಗೂ ಮೊದಲ ಒಲೆ ನನ್ನದೇ. ಗೌಡನ ಮನೆಯಿಂದ ರೊಟ್ಟಿ ಬಡಿಯಲಿಕ್ಕೆ ಹಿಟ್ಟು ಬಂದರೆ ಮಾತ್ರ ತಿರುಗಿಸಿ ಕಳಿಸುತ್ತೇನೆ. ನಾನು ಕೂರದಿದ್ದರೆ ಓಣಿಯವರೂ ಕೂರುವುದಿಲ್ಲ. ಅವರ ಮಗಳ ಮದುವೆಗೆ ಗದಗಿನಿಂದ ರೊಟ್ಟಿ ಕೊಂಡು ತಂದರು. ಮುರಿದರೆ ಪುಡಿಯಾಗುತ್ತಿದ್ದವಂತೆ. ಕೇಳಿ ನನಗೆ ಒಳ್ಳೆಯ ನಿದ್ದೆ ಬಂತು.

ಶರಣಪ್ಪನನ್ನು ಕಡೆಯ ಸಲ ಕಂಡದ್ದು ಕೊಪ್ಪಳದ ದವಾಖಾನೆಯಲ್ಲಿ. ಎದೆಯಲ್ಲಿ ನೀರು ತುಂಬಿತ್ತು. ಗದಗಿನ ರೊಟ್ಟಿಯ ಕತೆ ಹೇಳಿದೆ. "ಇನ್ನೂ ಬಿಟ್ಟಿಲ್ಲೇನ?" ಅಂದ. "ಬಿಡಂಗಿಲ್ರಿ" ಅಂದೆ. ಕೆಮ್ಮು ಬರುವ ತನಕ ನಕ್ಕ. ನರ್ಸ್ ಬಂದು ಇಬ್ಬರಿಗೂ ಬೈದಳು.

ಆಮೇಲೆ ತಾನಾಗಿಯೇ ಹೇಳಿದ. ನೌಕರಿಯ ಮೊದಲಲ್ಲಿ ಗಂಗಾವತಿಯ ಕಲ್ಲುಗುಡ್ಡಗಳ ಕಡೆ ಬೆಳಗಿನ ಜಾವ ಸರಪಳಿ ಹಿಡಿದು ಅಳತೆಗೆ ನಿಂತಾಗ ಏನೋ ಕಂಡನಂತೆ. ಯಾವ ಕಾಳಿಗೂ ಹೊಂದದಂಥದ್ದು. ಮೇಲಿನ ಅಧಿಕಾರಿಗೆ ಹೇಳಿದ. ಅವರು ಕಚೇರಿಯ ಎಲ್ಲರ ಮುಂದೆ, "ಶರಣಪ್ಪ, ರಾತ್ರಿದು ಇನ್ನೂ ಇಳದಿಲ್ಲೇನು?" ಅಂದರು. ಶರಣಪ್ಪ ಒಂದು ತೊಟ್ಟೂ ಕುಡಿದವನಲ್ಲ. ನೌಕರಿ ಮುಗಿಯುವ ತನಕ 'ಕುಡುಕ ಶರಣಪ್ಪ' ಅನ್ನುವುದು ತಪ್ಪಲಿಲ್ಲ. ಹೆಣ್ಣು ನೋಡಲು ಹೋದಲ್ಲಿಯೂ ಆ ಮಾತು ಮುಂದೆ ಹೋಗಿತ್ತಂತೆ. ಮದುವೆಯಾಗಲಿಲ್ಲ.

"ನೀವು ಕಂಡದ್ದು ಖರೇ ಅಂತ ನಾ ನಂಬತೀನ್ರಿ" ಅಂದೆ.

"ನೀ ನಂಬಿದ್ರ ಏನ ಬಂತು? ನೀ ಎಲ್ಲಿ ಕಂಡಿ?" ಎಂದು ಗದರಿದ. ಆಮೇಲೆ ಮಂಚದ ಬಗಲಿನ ಮೋಸಂಬಿ ಚೀಲ ತೋರಿಸಿದ. "ಅಂವಾ ನಿನ್ನೆ ಬಂದಿದ್ದ, ಆ ಅಧಿಕಾರಿ. ಇನ್ನೂ ಗಟ್ಟಿ ಅದಾನ. ತಲಿ ದಿಂಬಿನ ಹತ್ರ ನಿಂತು ಶರಣಪ್ಪಾ, ಶರಣಪ್ಪಾ ಅಂತಿದ್ದ. ನಾ ಎಚ್ಚರ ಇದ್ದೆ. ಕಣ್ಣ ತೆಗೀಲಿಲ್ಲ. ಇದು ನಿನ್ನ ಕಿವಿಗೆ ಅಷ್ಟ."

"ಮೋಸಂಬಿ?"

"ನೀ ತಿನ್ನು. ನಾ ಮುಟ್ಟೂದಿಲ್ಲ."

ತಿಂದೆ. ಸಿಹಿ ಇದ್ದವು.

ಆ ವಾರವೇ ಹೋದ. ನಾನೂ ದೇವಕ್ಕನೂ ಬಸ್ಸಿಗೆ ಭಾಗ್ಯನಗರಕ್ಕೆ ಹೋದೆವು. ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿದ್ದರು. ಮಣ್ಣಿಗೆ ಒಯ್ಯುವ ಮೊದಲು ಹಳೇ ನೌಕರಿಯವರು ಎರಡು ಮಾತಾಡಿದರು. ಆ ಅಧಿಕಾರಿಯೂ ಎದ್ದರು. ಬಿಳಿ ಅಂಗಿ, ಚಿನ್ನದ ಕಡ್ಡಿಯ ಕನ್ನಡಕ. "ಶರಣಪ್ಪ ಸುಳ್ಳು ಅರಿಯದ ಮನುಷ್ಯ. ನನ್ನ ತಮ್ಮನಿದ್ದಂಗ ಇದ್ದ. ಮೊನ್ನೆ ನಾ ದವಾಖಾನಿಗೆ ಹೋದಾಗ ಹಸುಗೂಸಿನಂಗ ನಿದ್ದಿ ಹತ್ತಿತ್ತು, ಮುಖದಾಗ ನಗಿ ಇತ್ತು. ಆ ನಗೀನ ನನಗ ಆಶೀರ್ವಾದ" ಅಂದರು. ಮಂದಿ ಕಣ್ಣು ಒರೆಸಿಕೊಂಡರು.

ನಾನು ಎದ್ದೆ. ದೇವಕ್ಕ ಸೆರಗು ಜಗ್ಗಿದಳು.

"ನಿದ್ದಿ ಹತ್ತಿರಲಿಲ್ರಿ ಸಾಹೇಬ್ರ" ಅಂದೆ. "ಎಚ್ಚರ ಇದ್ರು. ಕುಡುಕ ಅಂದ ಬಾಯಿ ನೋಡಬಾರ್ದಂತ ಕಣ್ಣ ಮುಚ್ಚಿದ್ರು. ನಿಮ್ಮ ಮೋಸಂಬಿ ನಾ ತಿಂದೆ."

ಅವರ ಕನ್ನಡಕ ನನ್ನ ಕಡೆ ತಿರುಗಿತು. ನಾನು ನೋಟ ಕೆಳಗಿಳಿಸಲಿಲ್ಲ. ಅವರು ಕೈಯಲ್ಲಿದ್ದ ಹಾರವನ್ನು ಹಾಕದೆ ಯಾರದೋ ಕೈಗೆ ಕೊಟ್ಟು ಕಾರು ಹತ್ತಿದರು.

ಬಸ್ಸಿನಲ್ಲಿ ದೇವಕ್ಕ ದಾರಿಯುದ್ದಕ್ಕೂ ವಟಗುಟ್ಟಿದಳು. "ನಿನ್ನ ಕಿವಿಗೆ ಅಷ್ಟ ಅಂತ ಹೇಳಿದ್ದನ್ನ ಸತ್ತವ್ರ ಮನಿ ಮುಂದ ಹಿಂಗ ಒದರ್ತಾರೇನ, ಯವ್ವಾ?"

"ಕಿವಿಗೆ ಹೇಳೂದು ಅವ್ರ ಪದ್ಧತಿ," ಅಂದೆ. "ನನ್ನದಲ್ಲ."