ಲೇಡೀಸ್ ಡಬ್ಬಾದಲ್ಲಿ ನನ್ನ ಎಡಗಣ್ಣು

ನಾವು ಬೊರಿವಲಿಯಲ್ಲಿ ಮನೆ ಮಾಡಿದ ಮೊದಲ ಬೇಸಗೆಯಲ್ಲಿ ನನ್ನ ಎಡಗಣ್ಣಿನ ಕೆಳರೆಪ್ಪೆಯ ಮೇಲೆ ಒಂದು ಗುಳ್ಳೆ ಎದ್ದಿತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಾಸಿವೆ ಕಾಳಿನಷ್ಟಿದ್ದದ್ದು ನೋಡನೋಡುತ್ತ ತೊಗರಿಬೇಳೆಯಷ್ಟಾಯಿತು. ಚಾಳಿನ ಪಕ್ಕದ ಕೋಣೆಯಲ್ಲಿ ವಿಜಾಪುರದ ಕಡೆಯ ಅಜ್ಜಿಯೊಬ್ಬರಿದ್ದರು. ಅವರು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, "ಎಲ್ಲ್ಯೋ ನಾಯಿ ಹೊರಕಡೀಗೆ ಕೂತಿದ್ದು ನೋಡೀಯವ್ವಾ ನೀ. ಅದಕ್ಕ ಎದ್ದೈತಿ" ಅಂದರು. ಬೊರಿವಲಿಯಲ್ಲಿ ಸ್ಟೇಷನ್ನಿಗೆ ನಡೆದು ಹೋಗುವ ಯಾರು ತಾನೇ ಅದನ್ನು ನೋಡದೆ ಇರಲು ಸಾಧ್ಯ? ನಾನು ಒಪ್ಪಿಕೊಂಡೆ. ಅಜ್ಜಿ ಲವಂಗ ತೇದು ಧಾರಾಳವಾಗಿ ಹಚ್ಚಿದರು. ಬೆಳಗಾಗುವಷ್ಟರಲ್ಲಿ ಗುಳ್ಳೆ ಹಾಗೇ ಇತ್ತು, ಸುತ್ತಲಿನ ಚರ್ಮ ಮಾತ್ರ ಸುಟ್ಟು ಸುಲಿದಿತ್ತು.

ನಾನು ಫೋರ್ಟಿನ ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲೇ ಹತ್ತಿರದ ಡಾಕ್ಟರ ಬಳಿಗೆ ಹೋದೆ. ಅವರು ಬೈದು, ಗುಳ್ಳೆಗೆ ಬಿಸಿನೀರಿನ ಶಾಖ ಕೊಡು, ತಾನಾಗಿಯೇ ಹೋಗುತ್ತದೆ ಎಂದು ಹೇಳಿ, ಸುಲಿದ ಚರ್ಮಕ್ಕೆ ನೇರಳೆ ಬಣ್ಣದ ಔಷಧಿ ಬಳಿದರು. ಮನೆಗೂ ಒಂದು ಸಣ್ಣ ಸೀಸೆ ಕೊಟ್ಟರು. ಸೆಖೆಗೆ ಬೆವರಿ ಆ ಬಣ್ಣ ಕೆನ್ನೆಯವರೆಗೂ ಇಳಿಯಿತು. ಸಂಜೆ ಹೊರಡುವಾಗ ಕೈಚೀಲದ ಕನ್ನಡಿಯಲ್ಲಿ ನೋಡಿಕೊಂಡರೆ, ಯಾರೋ ಬಲವಾಗಿ ಗುದ್ದಿದ ಹಾಗೆ ಕಾಣುತ್ತಿತ್ತು. ನೋಡಿ ನಕ್ಕು ಕನ್ನಡಿ ಒಳಗಿಟ್ಟೆ.

ಲೋಕಲ್ ರೈಲಿನ ಲೇಡೀಸ್ ಡಬ್ಬಾದಲ್ಲಿ ಯಾರೂ ನಗಲಿಲ್ಲ. ನಾನು ಹತ್ತುತ್ತಿದ್ದಂತೆ ಕಿಟಕಿಯ ಪಕ್ಕದ ಜಾಗ ಖಾಲಿಯಾಯಿತು. ಚರ್ಚ್‌ಗೇಟಿನಿಂದ ಬೊರಿವಲಿಯವರೆಗೆ ನಿಂತೇ ಹೋಗುವುದು ರೂಢಿಯಾಗಿದ್ದವಳಿಗೆ ಇದೇ ಒಂದು ಗಾಬರಿ. ಆ ಗಾಡಿಯಲ್ಲಿ ದಿನವೂ ಬರುವ ಹೆಂಗಸರದೊಂದು ಗುಂಪಿತ್ತು. ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಮಾಡುವ, ಎತ್ತರದ ಮರಾಠಿ ಬಾಯಿಯೊಬ್ಬರು ಅದರ ಮುಖಂಡರು. ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದ ಅವರು ಕೈ ನಿಲ್ಲಿಸಿ, "ಕಿಸನೇ ಕಿಯಾ?" ಎಂದು ಕೇಳಿದರು, ಯಾರು ಮಾಡಿದ್ದು ಅಂತ.

"ಕೋಯೀ ನಹೀ. ಅಪ್ನೆ ಆಪ್ ಆಯಾ" ಅಂದೆ, ಯಾರೂ ಅಲ್ಲ, ತಾನಾಗಿಯೇ ಬಂತು ಅಂತ.

"ಅಪ್ನೆ ಆಪ್!" ಡಬ್ಬಾದ ತುಂಬ ನಿಟ್ಟುಸಿರು ಹರಡಿತು.

ಗುಳ್ಳೆಗೆ ಮರಾಠಿಯಲ್ಲಿ ರಾಂಜಣವಾಡಿ ಎಂಬ ಒಳ್ಳೆಯ ಶಬ್ದವಿದೆ ಎಂದು ನನಗಾಗ ಗೊತ್ತಿರಲಿಲ್ಲ. ನನ್ನ ಹಿಂದಿಯೋ, ತರಕಾರಿ ಕೊಳ್ಳುವಷ್ಟು. ಗುಂಪಿನಲ್ಲಿ ಉಡುಪಿ ಕಡೆಯ ಹೆಂಗಸೊಬ್ಬರಿದ್ದರು. ನಾನು ಅವರತ್ತ ತಿರುಗಿ ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ: ಗುಳ್ಳೆ, ಅಜ್ಜಿ, ಲವಂಗ, ನಾಯಿ.

"ನಾಯಿಯಾ?" ಎಂದು ಅವರು ಮರುಕದಿಂದ ನನ್ನ ಕೈ ಹಿಡಿದರು. "ಗಂಡನನ್ನು ಎಷ್ಟು ಅಂತ ಮುಚ್ಚಿಡ್ತೀರಿ ಮಾರಾಯ್ರೆ?"

ಅವರು ಅದನ್ನು ಏನೆಂದು ಅನುವಾದಿಸಿದರೋ ಕಾಣೆ. ಬೊರಿವಲಿ ಬಂದಾಗ ಆ ಗುಂಪು ನನ್ನನ್ನು ನಡುವೆ ಇಟ್ಟುಕೊಂಡು ಇಳಿಯಿತು.

ನನ್ನ ಗಂಡನ ಬಗ್ಗೆ ಇಲ್ಲಿ ಹೇಳಬೇಕು. ಮೈಸೂರಿನ ಅಗ್ರಹಾರದಲ್ಲಿ ಬೆಳೆದವರು, ಹತ್ತಿರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ಜಿರಳೆ ಕಂಡರೆ ಬಾಗಿಲು ತೆರೆದು, ಅದು ಹೋಗಲಿ ಎಂದು ಕಾಯುವವರು. ದಿನಾ ಸಂಜೆ ನನ್ನನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬರುತ್ತಿದ್ದರು. ಅವರಿಗೆ ಹಿಂದಿ ಬಾರದು. ಯಾರು ಏನೇ ಕೇಳಲಿ, ಮರ್ಯಾದೆಗೆ ಕೊರತೆಯಾಗಬಾರದೆಂದು "ಹಾಂ ಜೀ" ಅನ್ನುತ್ತಿದ್ದರು.

"ಯೇ ತುಮ್ಹಾರೀ ಬೀವೀ?" ಇವಳು ನಿನ್ನ ಹೆಂಡತಿಯಾ ಎಂದು ಬಾಯಿ ಇವರನ್ನು ಕೇಳಿದರು.

"ಹಾಂ ಜೀ."

"ಇಸಕೋ ತುಮ್ ಮಾರತಾ ಹೈ?" ಇವಳನ್ನು ಹೊಡೆಯುತ್ತೀಯಾ ಅಂತ.

"ಹಾಂ ಜೀ" ಎಂದು ಇವರು ನಗುತ್ತ ಕೈ ಮುಗಿದರು.

"ರೋಜ್?"

ಆ ಶಬ್ದ ಇವರಿಗೆ ಗೊತ್ತಿತ್ತು. ದಿನಾ ಕರೆದೊಯ್ಯಲು ಬರುತ್ತೀಯಾ ಎಂದು ಕೇಳುತ್ತಿದ್ದಾರೆ ಅಂದುಕೊಂಡು ಸ್ವಲ್ಪ ಹೆಮ್ಮೆಯಿಂದಲೇ, "ಹಾಂ ಜೀ, ರೋಜ್. ಸಂಡೇ ನಹೀ" ಅಂದರು.

ಮುಂದಿನದನ್ನು ವಿವರಿಸುವುದು ಕಷ್ಟ. ನಾನು ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಜನ ಸೇರಿದರು. ಇವರಿಂದ ಎರಡೂ ಕಿವಿ ಹಿಡಿಸಿದರು, ನನ್ನ ಚೀಲ ಹೊರಿಸಿದರು, ಏನೋ ಆಣೆ ಹಾಕಿಸಿದರು. ಇವರು ಎಲ್ಲವನ್ನೂ ವಿನಯದಿಂದ ಮಾಡಿದರು.

ಮನೆಯ ದಾರಿಯಲ್ಲಿ ನಿಧಾನವಾಗಿ, "ಇದೇನು ಇಲ್ಲಿಯ ಹಬ್ಬವೇನೇ ಇವತ್ತು?" ಅಂತ ಕೇಳಿದರು.

ಹೇಳಿದೆ. ಇವರು ರಸ್ತೆಯಲ್ಲೇ ನಿಂತುಬಿಟ್ಟರು. "ನಾನಾ? ನಿನ್ನನ್ನಾ? ಸಂಡೇ ಬಿಟ್ಟು?" ಎಂದು ತಡೆತಡೆದು ಕೇಳಿದರು. ಆ ಹೊತ್ತು ಊಟಕ್ಕೆ ಕೂತರೂ ಸಾರಿನ ಪಾತ್ರೆಯನ್ನು ಮುಟ್ಟಲಿಲ್ಲ. ನನಗೆ ನಗು ತಡೆಯಲಾಗುತ್ತಿರಲಿಲ್ಲ, ಅವರ ಮುಖ ನೋಡಿದರೆ ಅಳುವೂ ಬರುತ್ತಿತ್ತು.

ಮಾರನೆಯ ದಿನ ಸಂಜೆ ಗಾಡಿ ಇಳಿದಾಗ ಇವರು ಎಂದಿನ ಜಾಗದಲ್ಲೇ ನಿಂತಿದ್ದರು. ಕೈಯಲ್ಲಿ ಡಾಕ್ಟರು ಕೊಟ್ಟ ಸೀಸೆಯಿತ್ತು. ಇದು ಏಟಲ್ಲ, ಬರಿಯ ಔಷಧಿ ಎಂದು ಭಾಷೆಯಿಲ್ಲದೆ ತೋರಿಸಿಕೊಡಬೇಕೆಂದು, ಮನೆಯಲ್ಲಿ ಕನ್ನಡಿಯ ಮುಂದೆ ಕೂತು ತಮ್ಮ ಬಲಗಣ್ಣಿನ ಸುತ್ತ ಅದನ್ನೇ ಬಳಿದುಕೊಂಡು ಬಂದಿದ್ದರು. ಹುಬ್ಬಿನಿಂದ ಕೆನ್ನೆಯ ಮೂಳೆಯವರೆಗೂ ದಟ್ಟವಾಗಿ ಹಚ್ಚಿಕೊಂಡಿದ್ದರು. ನಮ್ಮ ಗುಂಪನ್ನು ಕಂಡು, ಬೆರಳಿನಿಂದ ಮೊದಲು ತಮ್ಮ ಕಣ್ಣನ್ನು, ಆಮೇಲೆ ನನ್ನನ್ನು ತೋರಿಸಿದರು.

ಬಾಯಿ ನನ್ನ ಬೆನ್ನಿನ ಮೇಲೆ ಹೊಡೆದ ಪೆಟ್ಟಿಗೆ ನಾನು ಮುಗ್ಗರಿಸಿದೆ.

"ಶಾಬಾಶ್!"

ಚಪ್ಪಾಳೆ ಬಿತ್ತು. ಒಬ್ಬಾಕೆ ತನ್ನ ಚೀಲದಿಂದ ಮಲ್ಲಿಗೆಯ ಗಜರಾ ತೆಗೆದು ನನ್ನ ಜಡೆಗೆ ಮುಡಿಸಿದಳು. ಇವರು, ಅಂತೂ ಅರ್ಥವಾಯಿತಲ್ಲ ಎಂದು ಸಮಾಧಾನದಿಂದ ಎಲ್ಲರಿಗೂ ಕೈ ಮುಗಿದರು.

ಅದಾದ ಮೇಲೆ ಡಬ್ಬಾದಲ್ಲಿ ನನ್ನ ಸ್ಥಾನವೇ ಬದಲಾಯಿತು. ಹೊಸಬರಿಗೆ ನನ್ನನ್ನು ತೋರಿಸಿ ಕಥೆ ಹೇಳುತ್ತಿದ್ದರು. ನಾನೂ ಒಂದೆರಡು ಸಲ ಪಟ್ಟುಹಿಡಿದು ನಿಜ ಹೇಳಲು ನೋಡಿದೆ. ಅಷ್ಟರಲ್ಲಿ ಗುಳ್ಳೆ ಒಡೆದು, ಒಣಗಿ, ತಾನಾಗಿಯೇ ಉದುರಿತ್ತು. ಸಾಕ್ಷಿಯೂ ಇರಲಿಲ್ಲ.

ಒಂದು ಸಂಜೆ ಡಬ್ಬಾ ಅರ್ಧ ಖಾಲಿಯಾದಾಗ ಆ ಉಡುಪಿಯ ಹೆಂಗಸು ನನ್ನ ಪಕ್ಕಕ್ಕೆ ಬಂದು ಕೂತರು. ಕಿಟಕಿಯ ಹೊರಗೆ ನೋಡುತ್ತಲೇ, "ನಿಮ್ಮ ಹಾಗೆ ತಿರುಗಿ ಹೊಡೆಯಬಹುದು ಅಂತ ನನಗೆ ಹೊಳೆಯಲೇ ಇಲ್ಲ ನೋಡಿ" ಅಂದರು. "ನಾನು ಯಾವಾಗಲೂ ಬಾಗಿಲು ತಾಗಿತು ಅಂತಲೇ ಹೇಳಿದ್ದು."

"ಈಗ?" ಎಂದಷ್ಟೇ ಕೇಳಿದೆ.

"ಈಗ ಅಣ್ಣನ ಮನೆಯಲ್ಲಿದ್ದೇನೆ" ಅಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. "ರೀ, ಆ ಗುಳ್ಳೆಯ ವಿಷಯ ಇನ್ನು ನಾನು ಯಾರಿಗೂ ವಿವರಿಸೋದಿಲ್ಲ."

"ಮತ್ತೆ ನನ್ನ ಮಾನ?" ಎಂದು ಕೇಳಿದರು. ಬಣ್ಣ ಇನ್ನೂ ಹುಬ್ಬಿನ ಕೂದಲಲ್ಲಿ ಉಳಿದಿತ್ತು. ಆ ಉಡುಪಿಯ ಹೆಂಗಸು ಹೇಳಿದ್ದನ್ನು ಹೇಳಿದೆ. ಹುಬ್ಬು ಒರೆಸಿಕೊಂಡು, "ಹಾಗಾದರೆ ಇರಲಿ ಬಿಡು" ಅಂದರು.

ಸ್ಟೇಷನ್ನಿಗೆ ಬರುವುದನ್ನು ಮಾತ್ರ ಅವರು ನಿಲ್ಲಿಸಲಿಲ್ಲ. ಆ ಹೆಂಗಸರೆಲ್ಲ ಮೆಟ್ಟಿಲು ಹತ್ತಿ ಮರೆಯಾಗುವವರೆಗೆ ಪುಸ್ತಕದಂಗಡಿಯ ಹಿಂದೆ ನಿಂತಿದ್ದು, ಆಮೇಲೆ ಬಂದು ನನ್ನ ಚೀಲ ತೆಗೆದುಕೊಳ್ಳುತ್ತಿದ್ದರು.