ಮೂಗು ಸುಡುವ ನೀರು

ಎಂಬತ್ತರ ದಶಕದಲ್ಲಿ ಮಾನ್ವಿಯ ಕುಡಿಯುವ ನೀರಿನ ಕೆರೆ ನನ್ನ ಸುಪರ್ದಿಯಲ್ಲಿತ್ತು. ಕಾಲುವೆ ಬಿಟ್ಟಾಗ ನೀರಿನ ಜೊತೆ ಜೋಳದ ದಂಟು, ಬೇವಿನೆಲೆ, ಪಾಚಿ ಎಲ್ಲ ಮೆರವಣಿಗೆ ಬರುತ್ತಿದ್ದವು. ತಳದಲ್ಲಿ ಅವು ಕೊಳೆತು ನೀರು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮ ಇಲಾಖೆಯಲ್ಲಿ ಅದಕ್ಕೆ ಒಂದೇ ಮದ್ದು, ಬ್ಲೀಚಿಂಗ್ ಪುಡಿ. ಬಣ್ಣ ಹೆಚ್ಚಿದರೆ ಇನ್ನೊಂದು ಚೀಲ. ನಲ್ಲಿ ತಿರುವಿದ ಕೂಡಲೇ ಮೂಗು ಸುಟ್ಟರೆ ಜನ ಖುಷ್. ಬೀಗರು ಬಂದರೆ ತಂಬಿಗೆಯನ್ನು ಅವರ ಮೂಗಿನ ಹತ್ತಿರ ಹಿಡಿದು ಊರಿನ ದೊಡ್ಡಸ್ತಿಕೆ ತೋರಿಸುವ ರಿವಾಜೇ ಬೆಳೆದಿತ್ತು.

ಕೊಳೆತ ಎಲೆಯ ರಸಕ್ಕೆ ಪುಡಿಯಲ್ಲಿರುವ ಕ್ಲೋರಿನ್ ಸೇರಿದರೆ ಕ್ಲೋರೋಫಾರ್ಮಿನಂಥ ವಿಷ ಹುಟ್ಟುತ್ತದೆ, ಮೊದಲು ಕಸ ತೆಗೆಯಬೇಕು, ಆಮೇಲೆ ಪುಡಿ ಎಂದು ರಾಯಚೂರಿನ ತರಬೇತಿಯಲ್ಲಿ ಕೇಳಿ ಬಂದಿದ್ದೆ. ಸಾಹೇಬರಿಗೆ ಹೇಳಿದೆ.

"ಆಪರೇಷನ್‌ದಾಗ ಮೂಗಿಗೆ ಹಿಡಿತಾರಲ್ರೀ, ಅದಾ? ಹಂಗಾದ್ರ ಊರು ಚಲೋ ನಿದ್ದಿ ಮಾಡ್ತದ ಬಿಡ್ರಿ" ಎಂದು ಚಹಾ ಕುಡಿದರು. ಅದೂ ಅದೇ ನೀರಿನ ಚಹಾ.

ನಿಜ ಹೇಳಬೇಕೆಂದರೆ ನನಗೆ ಊರಿಗಿಂತ ಅವ್ವನ ಚಿಂತೆ. ನಮ್ಮ ಹಳ್ಳಿ ಹಿರೇಕೊಟ್ನೆಕಲ್‌ನಲ್ಲಿ ಬಾವಿ ನೀರು ಕುಡಿದು ವಾಂತಿಭೇದಿಯಿಂದ ತಂಗಿ ಹೋದ ಮೇಲೆ, ವಾಸನೆ ಇಲ್ಲದ ನೀರನ್ನು ಅವ್ವ ಮುಟ್ಟುತ್ತಿರಲಿಲ್ಲ. ಅವ್ವನಿಗಾದರೂ ಒಳ್ಳೆಯ ನೀರು ಕುಡಿಸಬೇಕೆಂಬ ಹಟ ನನಗೆ.

ಬೇಸಿಗೆಯಲ್ಲಿ ಕಾಲುವೆ ನಿಂತು ಕೆರೆಯ ತಳ ಕಂಡಾಗ ಆಳು ಹಚ್ಚಿ ರಾಡಿ ಎತ್ತಿಸಿದೆ, ನೀರು ಒಳಬರುವ ಬಾಯಿಗೆ ಜಾಲರಿ ಕಟ್ಟಿಸಿದೆ. ಹೊಸ ನೀರು ತಿಳಿಯಾಗಿ ಬಂತು. ಸ್ವಲ್ಪವೇ ಪುಡಿ ಸಾಕಾಯಿತು, ವಾಸನೆ ಹೋಯಿತು. ಮರುದಿನವೇ ಕಚೇರಿ ಮುಂದೆ ಖಾಲಿ ಕೊಡಗಳು ಸಾಲಾಗಿ ಕೂತವು. ಅದರಲ್ಲಿ ನಮ್ಮ ಮನೆಯ ಕೊಡವೂ ಇತ್ತು.

"ಪುಡಿ ಎಲ್ಲಾ ಮಾರ್ಕೊಂಡಾನ್ರೀ ಇಂವ" ಎಂದು ಹಿರಿಯರೊಬ್ಬರು ತೀರ್ಪು ಕೊಟ್ಟರು. ಬ್ಲೀಚಿಂಗ್ ಪುಡಿಯ ಸಂತೆ ಎಲ್ಲಿ ನೆರೆಯುತ್ತದೋ ನನಗಂತೂ ಗೊತ್ತಿರಲಿಲ್ಲ. ಸಾಹೇಬರು ನನ್ನನ್ನು ದೇವದುರ್ಗಕ್ಕೆ ವರ್ಗ ಮಾಡಿ, ಮಾನ್ವಿಗೆ ಅದರ ಪರಿಮಳ ಮರಳಿಸಿದರು.

ದೇವದುರ್ಗದಲ್ಲಿ ನೀರು ಸೋಸಿ, ಕುದಿಸಿ, ಆರಿಸಿ ಅವ್ವನ ಮುಂದಿಟ್ಟೆ. ಮೂಸಿ ನೋಡಿ ಪಕ್ಕಕ್ಕೆ ಸರಿಸಿದಳು.

"ನಿನ್ನ ತಂಗೀಗೂ ಹಿಂಗ ತಿಳಿನೀರೇ ಕುಡಿಸಿದ್ದೆ ಯಪ್ಪಾ."

ಎದ್ದು ಹೋಗಿ ಅವಳ ಕೊಡಕ್ಕೆ ನಾನೇ ಪುಡಿ ಹಾಕಿದೆ, ಮೂಗು ಸುಡುವಷ್ಟು. ಅವ್ವ ತಂಬಿಗೆ ಎತ್ತಿ ಗಟಗಟ ಕುಡಿದಳು.